ಕೇರಿಯ ನಗು ಯಾರ ಕಿವಿಗೆ?

ಈ ಬೇಸಿಗೆಯಲ್ಲಿ ಬೇಗೂರಿನ ನಾವು ಏಳೆಂಟು ಮಂದಿ ಸೇರಿ ಆರು ಪುಸ್ತಕ ಓದಿದೆವು. ನಮ್ಮಲ್ಲಿ ಇಬ್ಬರು ಮೇಷ್ಟ್ರು, ಮೂವರು ಕಾಲೇಜು ಹುಡುಗರು, ಮಿಕ್ಕವರು ಅರಿಸಿನದ ಹೊಲಕ್ಕೆ ಈರುಳ್ಳಿ ಹೊಲಕ್ಕೆ ಕೂಲಿ ಹೋಗುವವರು. ಎಲ್ಲರಿಗೂ ಓದೋಕೆ ಬರಲ್ಲ. ಹಾಗಾಗಿ ಒಬ್ಬರು ಗಟ್ಟಿಯಾಗಿ ಓದೋದು, ಉಳಿದವರು ಕೇಳೋದು. ಜಗಲಿ ಮೇಲೆ ಓದು ನಡೆಯುವಾಗ ಕರೆಯದವರೂ ಬಂದು ಕೂತರು. ಕೇರಿಯ ಹಿರಿಯ ಹೆಂಗಸರು ಎಲೆಅಡಿಕೆ ಹಾಕ್ಕೊಂಡು ಕೇಳಿದರು, ನಡುವೆ ಬಾಯಿ ಹಾಕಿದರು, ಬೇಜಾರಾದಾಗ ಎದ್ದು ಹೋದರು. ಹಿಂಗೆ ಎದ್ದು ಹೋಗೋದೂ ಒಂದು ವಿಮರ್ಶೆಯೇ ಅಂತ ನಾವು ತಿಳಿದಿದ್ದೇವೆ.

ಓದಿದ ಪುಸ್ತಕಗಳು ಇವು: ಶಿವರಾಮ ಕಾರಂತರ 'ಚೋಮನ ದುಡಿ' (1933), ಯು.ಆರ್. ಅನಂತಮೂರ್ತಿಯವರ 'ಭಾರತೀಪುರ' (1973), ದೇವನೂರ ಮಹಾದೇವ ಅವರ 'ಒಡಲಾಳ' ಮತ್ತು 'ಕುಸುಮಬಾಲೆ', ಸಿದ್ಧಲಿಂಗಯ್ಯನವರ 'ಊರು ಕೇರಿ', ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (1994). ನಾಲ್ಕು ಕಾದಂಬರಿ, ಎರಡು ಆತ್ಮಕಥೆ. ಇವುಗಳಲ್ಲಿ ಹೊಸದು ಯಾವುದೂ ಇಲ್ಲ. ಆದರೆ ನಮ್ಮ ಜಗಲಿಗೆ ಈಗ ಬಂದವು, ಆದ್ದರಿಂದ ನಮಗೆ ಹೊಸವೇ.

ಓದಲು ಶುರು ಮಾಡಿದಾಗ ನಮ್ಮ ಕೈಯಲ್ಲಿ ಇದ್ದದ್ದು ಹಳೇ ಅಳತೆಗೋಲು. ಈ ಪುಸ್ತಕದಲ್ಲಿ ಸಿಟ್ಟು ಎಷ್ಟಿದೆ, ಪ್ರತಿಭಟನೆ ಎಲ್ಲಿದೆ, ಲೇಖಕನ ಬದ್ಧತೆ ಯಾರ ಕಡೆ? ಇವೆಲ್ಲ ಬೇಕಾದ ಪ್ರಶ್ನೆಗಳೇ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ಈ ಪ್ರಶ್ನೆಗಳನ್ನು ಕೇಳದೆ ಹೋಗಿದ್ದರೆ ಕನ್ನಡ ಸಾಹಿತ್ಯ ತನ್ನ ಪಾಡಿಗೆ ತಾನು ಅಗ್ರಹಾರದಲ್ಲೇ ಕೂತಿರುತ್ತಿತ್ತು. ಆದರೆ ಎರಡು ಮೂರು ರಾತ್ರಿ ಕಳೆಯುವ ಹೊತ್ತಿಗೆ ಜಗಲಿಯ ಮಂದಿ ನಮ್ಮ ಕೈಗೆ ಇನ್ನೊಂದು ಅಳತೆಗೋಲು ಕೊಟ್ಟರು. ಯಾವ ಪುಸ್ತಕಕ್ಕೆ ಇವರು ನಗುತ್ತಾರೆ? ಯಾವುದಕ್ಕೆ ಸುಮ್ಮನಾಗುತ್ತಾರೆ? ಯಾವುದಕ್ಕೆ ಎದ್ದು ಹೋಗುತ್ತಾರೆ?

ಮೊದಲು 'ಚೋಮನ ದುಡಿ'. ಚೋಮನಿಗೆ ಎರಡು ಎತ್ತು ಇದ್ದವು, ಭೂಮಿ ಇರಲಿಲ್ಲ. ಹೊಲೆಯ ಬೇಸಾಯ ಮಾಡಬಾರದು ಅನ್ನೋ ಕಟ್ಟಳೆ ಅವನ ಆಸೆಯನ್ನ ಕೊಂದಿತು. ಸಾಲ ತೀರಿಸಲು ಹೋದ ಮಗ ಜ್ವರದಲ್ಲಿ ಸತ್ತ. ಇನ್ನೊಬ್ಬ ಮಗ ನೀರಲ್ಲಿ ಮುಳುಗುವಾಗ ದಡದಲ್ಲಿದ್ದ ಮೇಲ್ಜಾತಿಯವರು ಮುಟ್ಟಿ ಎತ್ತಲಿಲ್ಲ. ಈ ಜಾಗ ಓದಿದಾಗ ಜಗಲಿಯಲ್ಲಿ ಒಂದು ಮಾತಿಲ್ಲ. 90 ವರ್ಷದ ಹಿಂದೆ ಕರಾವಳಿಯ ಬ್ರಾಹ್ಮಣರೊಬ್ಬರು ಇದನ್ನ ಕಂಡು ಬರೆದರು ಅನ್ನೋದಕ್ಕೆ ನಾವು ಕೃತಜ್ಞರು. ಇದನ್ನ ಹೇಳದೆ ಮುಂದಕ್ಕೆ ಹೋದರೆ ಅಪ್ರಾಮಾಣಿಕರಾಗುತ್ತೇವೆ.

ಆದರೂ ಓದು ಮುಗಿದ ಮೇಲೆ ಒಬ್ಬ ತಾಯಿ ಕೇಳಿದರು: 'ಆ ಮನೇಲಿ ಒಂದ್ ದಿನನಾದ್ರೂ ಎಲ್ರೂ ಕೂತ್ಕಂಡು ನಕ್ಕಿಲ್ವ ಮೊಗ?' ನಾವು ಹಾಳೆ ತಿರುಗಿಸಿ ನೋಡಿದೆವು. ದುಡಿ ಇದೆ, ಹೆಂಡ ಇದೆ, ಕುಣಿತ ಇದೆ. ಚೋಮ ಸಿಟ್ಟನ್ನೂ ಸಂತೋಷವನ್ನೂ ದುಡಿಗೇ ಬಡಿಯುತ್ತಾನೆ. ಆದರೆ ಆ ತಾಯಿ ಕೇಳಿದ ಮನೆಮಂದಿಯ ನಗು, ಒಬ್ಬರನ್ನೊಬ್ಬರು ಆಡಿಕೊಂಡು ನಗುವ ನಗು, ನಮ್ಮ ಕಿವಿಗೆ ಬೀಳಲಿಲ್ಲ. ಗುಡಿಸಲ ಹೊರಗೆ ನಿಂತವರಿಗೆ ದುಡಿಯ ಸದ್ದು ಕೇಳುತ್ತದೆ, ಒಳಗಿನ ಪಿಸುಮಾತು ಕೇಳುವುದಿಲ್ಲ.

'ಭಾರತೀಪುರ'ದಲ್ಲಿ ದೂರ ಇನ್ನೂ ಹೆಚ್ಚು. ಇಂಗ್ಲೆಂಡಿನಲ್ಲಿ ಓದಿ ಬಂದ ಜಗನ್ನಾಥ ಹೊಲೆಯರನ್ನು ಮಂಜುನಾಥನ ಗುಡಿಯೊಳಗೆ ಕರೆದೊಯ್ಯಲು ಹೊರಡುತ್ತಾನೆ. ಅದಕ್ಕೆ ಮೊದಲು ಮನೆಯ ಸಾಲಿಗ್ರಾಮವನ್ನು ಹೊರಗೆ ತಂದು ಅವರ ಮುಂದೆ ಹಿಡಿದು, ಮುಟ್ಟಿ ಅನ್ನುತ್ತಾನೆ. ಅವನ ಎದೆಯೊಳಗಿನ ಹೊಯ್ದಾಟವನ್ನು ಲೇಖಕರು ಪುಟಗಟ್ಟಲೆ ಬಿಡಿಸಿಡುತ್ತಾರೆ. ಎದುರಿಗೆ ನಿಂತವರ ಎದೆಯಲ್ಲಿ ಏನಿತ್ತು? ಅದಕ್ಕೆ ಪುಟ ಸಿಕ್ಕಿಲ್ಲ. ಜಗಲಿಯಲ್ಲಿ ಆ ರಾತ್ರಿ ನಗು ಎದ್ದಿತು ನಿಜ, ಆದರೆ ಅದು ಪುಸ್ತಕದ ಒಳಗಿನ ನಗುವಲ್ಲ. ಒಬ್ಬ ಕೂಲಿಯ ಗೆಳೆಯ ಹೇಳಿದ: 'ಸಾಯಂಕಾಲ ಆಳ್‌ಗಳ್ನ ನಿಲ್ಲಿಸ್ಕಂಡು ಕಲ್ ಮುಟ್ಟಿ ಅಂದ್ರೆ? ಮೊದ್ಲು ಕೂಲಿ ಕೊಡಪ್ಪಾ ಅಂತೀವಿ ನಾವು.' ಈ ಮಾತನ್ನ ಆಡಬಲ್ಲ ಒಬ್ಬ ಹೊಲೆಯ ಆ ಕಾದಂಬರಿಯಲ್ಲಿ ಇದ್ದಿದ್ದರೆ ಜಗನ್ನಾಥನ ಸಂಕಟ ಇನ್ನೂ ನಿಜವಾಗುತ್ತಿತ್ತು ಅಂತ ನಮ್ಮ ಅಭಿಪ್ರಾಯ.

ನಮ್ಮೂರು ಮೈಸೂರು–ಊಟಿ ರಸ್ತೆಯ ಮೇಲಿದೆ. ಸೂರ್ಯಕಾಂತಿ ಅರಳಿದ ಕಾಲಕ್ಕೆ ಗುಂಡ್ಲುಪೇಟೆ ಕಡೆಯ ಹೊಲಗಳ ಬದುವಿನಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವವರು ಬೇಕಾದಷ್ಟು. ಹೂವು ಚೆನ್ನಾಗಿ ಬರುತ್ತದೆ. ಕಳೆ ಕೀಳುವ ಹೆಂಗಸು ಅಡ್ಡ ಬಂದರೆ ಸ್ವಲ್ಪ ಸರೀರಮ್ಮ ಅಂತಾರೆ. ಕೆಲವರು ಮಾತ್ರ ಆ ಹೆಂಗಸಿನದೇ ಫೋಟೋ ತೆಗೆಯುತ್ತಾರೆ, ಬಗ್ಗಿದ ಬೆನ್ನಿನದು. ಅವರು ಕನಿಕರ ಇರುವವರು. ಆದರೆ ಕಾರು ಹೋದ ಮೇಲೆ ಆ ಹೆಂಗಸರು ಅವರನ್ನ ಅಣಕಿಸಿ ಹೊಟ್ಟೆ ಹಿಡಿದುಕೊಂಡು ನಗೋದು ಯಾವ ಫೋಟೋದಲ್ಲೂ ಬರಲ್ಲ.

ಆ ನಗು ಬರುವ ಪುಸ್ತಕ 'ಒಡಲಾಳ'. ಸಾಕವ್ವನ ಹುಂಜ ಕಳೆದಿದೆ. ಮನೆಯೊಳಗೆ ಜಗಳ, ಪಾಲಿನ ಮಾತು, ಹಸಿವು. ರಾತ್ರಿ ಸಾಹುಕಾರನ ಕಡಲೆಕಾಯಿ ಮೂಟೆ ಮನೆಗೆ ಬರುತ್ತದೆ. ಆಮೇಲೆ ನಡೆಯುವುದು ಹಬ್ಬ. ದೊಡ್ಡವರು ಮಕ್ಕಳು ಎಲ್ಲ ಕೂತು ತಿನ್ನುತ್ತಾರೆ, ತಿನ್ನುತ್ತಲೇ ಇರುತ್ತಾರೆ. ಪುಟ್ಟಗೌರಿ ಗೋಡೆಗೆ ನವಿಲು ಬರೆಯುತ್ತಾಳೆ. ಆ ಮನೆಯ ಕೂಸಿಗೆ ದುಪ್ಟಿ ಕಮೀಷನರ್ ಅಂತ ಹೆಸರು! ಬೆಳಗಾದರೆ ಪೊಲೀಸರು ಬಂದು ಮನೆ ಜಾಲಾಡುತ್ತಾರೆ.

ಈ ಕಡಲೆಕಾಯಿಯ ರಾತ್ರಿ ಓದುವಾಗ ನಮ್ಮ ಜಗಲಿ ಬಿದ್ದು ಬಿದ್ದು ನಕ್ಕಿತು. ನಮ್ಮ ಕಾಲೇಜು ಹುಡುಗನಿಗೆ ಇದು ಸರಿಬರಲಿಲ್ಲ. 'ಹಸಿವಿನ ಕಥೆಗೆ ನಗ್ತೀರಲ್ಲ?' ಅಂದ. ಒಬ್ಬ ಅಜ್ಜಿ ಅವನ ಕಡೆ ತಿರುಗಿ ಹೇಳಿದ್ದು ಇಷ್ಟು: 'ಹೊಟ್ಟೆ ತುಂಬಿದ್ ರಾತ್ರಿ ನಗ್ದೆ ಇನ್ಯಾವತ್ತು ನಗದು ಕೂಸೇ?' ಆ ಹುಡುಗ ಸುಮ್ಮನಾದ. ನಾವೂ ಸುಮ್ಮನಾದೆವು. ಯಾಕಂದರೆ ಅವನು ಕೇಳಿದ್ದು ನಮ್ಮ ವಿಮರ್ಶೆಯ ಪ್ರಶ್ನೆಯನ್ನೇ. ಕಡಲೆಕಾಯಿ ಬೆಳೆದವರ ಬೆವರು ಯಾರದು, ಮೂಟೆ ಯಾರ ಮನೆಯಲ್ಲಿತ್ತು, ಕಳ್ಳರು ಯಾರು ಅನ್ನೋ ಪ್ರಶ್ನೆಗಳನ್ನ ಮಹಾದೇವ ಘೋಷಣೆ ಮಾಡಿ ಕೇಳುವುದಿಲ್ಲ. ಸಿಪ್ಪೆ ಒಡೆಯುವ ಸದ್ದಿನಲ್ಲೇ ಕೇಳಿಸುತ್ತಾರೆ.

'ಕುಸುಮಬಾಲೆ' ಬಗ್ಗೆ ಒಂದು ಮಾತು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಪುಸ್ತಕ ಅರ್ಥವಾಗಲ್ಲ ಅಂತ ಓದಿಕೊಂಡವರೇ ಹೇಳುತ್ತಾರೆ. ನಮಗೂ ಕಣ್ಣಲ್ಲಿ ಓದುವಾಗ ತೊಡಕಾಯಿತು. ಬಾಯಲ್ಲಿ ಓದಿದಾಗ ತೊಡಕು ಮುಕ್ಕಾಲು ಭಾಗ ಹೋಯಿತು. ಅದು ನಂಜನಗೂಡು ಸೀಮೆಯ ಮಾತು, ಅಂದರೆ ಹೆಚ್ಚುಕಮ್ಮಿ ನಮ್ಮದೇ ಮಾತು. ದೀಪದ ಜೋತಮ್ಮಂದಿರು ರಾತ್ರಿ ಸೇರಿ ಮನೆಮನೆಯ ಸುದ್ದಿ ಮಾತಾಡಿಕೊಳ್ಳುವ ಜಾಗಕ್ಕೆ ಬಂದಾಗ ಮುದುಕಿಯರು ಇದು ಹೇಗೆ ಸಾಧ್ಯ ಅಂತ ಕೇಳಲೇ ಇಲ್ಲ. ಮಂಟೇಸ್ವಾಮಿ, ಮಾದೇಶ್ವರನ ಕಥೆಯನ್ನ ನೀಲಗಾರರ, ದೇವರಗುಡ್ಡರ ಬಾಯಲ್ಲಿ ರಾತ್ರಿಯಿಡೀ ಕೇಳಿದ ಕಿವಿಗಳು ಅವು. ಈ ಪುಸ್ತಕ ಕಷ್ಟ ಅನ್ನುವವರು ಯಾರಿಗೆ ಕಷ್ಟ ಅಂತ ಸೇರಿಸಿ ಹೇಳಬೇಕು. ಆದರೆ ಇದರ ಕಥನದ ಕೊಂಡಿಗಳನ್ನ ಹಿಡಿಯಲು ನಾವು ಮೇಷ್ಟ್ರುಗಳು ನಡುನಡುವೆ ಬಿಡಿಸಿ ಹೇಳಬೇಕಾಯಿತು ಅನ್ನೋದೂ ಸತ್ಯ. ಒಬ್ಬನೇ ಕೂತು ಓದುವ ಹಳ್ಳಿಯ ಹುಡುಗನಿಗೆ ಈ ಪುಸ್ತಕ ಬಾಗಿಲನ್ನ ಸುಲಭಕ್ಕೆ ತೆಗೆಯಲ್ಲ.

ಇನ್ನು ಆತ್ಮಕಥೆಗಳು. ಸಿದ್ಧಲಿಂಗಯ್ಯನವರು 1975ರಲ್ಲಿ 'ಹೊಲೆಮಾದಿಗರ ಹಾಡು' ಬರೆದಾಗ ಅವರ ಹಾಡುಗಳು ಬೆಂಕಿಯ ಹಾಗೆ ಕೇರಿಕೇರಿಗೆ ಹಬ್ಬಿದವು. ಅದೇ ಕವಿ ತೊಂಬತ್ತರ ದಶಕದಲ್ಲಿ 'ಊರು ಕೇರಿ' ಬರೆದಾಗ, ಸಿಟ್ಟು ಎಲ್ಲಿ ಹೋಯಿತು ಅಂತ ಚಳವಳಿಯ ಗೆಳೆಯರು ಕೇಳಿದ್ದುಂಟು. ಯಾಕಂದರೆ ಆ ಪುಸ್ತಕ ನಗುತ್ತದೆ. ಸ್ಮಶಾನದಲ್ಲಿ ಕೂತು ಓದುವ ಹುಡುಗ ಅಲ್ಲಿದ್ದಾನೆ, ಅವನಿಗೆ ಸತ್ತವರ ಭಯವಿಲ್ಲ.

ಆದರೆ ಪುಸ್ತಕದ ಶುರುವಿನಲ್ಲೇ ಒಂದು ನೋಟ ಇದೆ. ಮಾಗಡಿ ಸೀಮೆಯ ಮಂಚನಬೆಲೆಯ ಹೊಲ. ಎತ್ತುಗಳ ಬದಲು ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ. ಹಿಂದೆ ಇನ್ನೊಬ್ಬ ಉಳುತ್ತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬರು ಬರೆದವರ ತಂದೆ. ಇದನ್ನ ಓದಿದಾಗ ನಮ್ಮ ಹಿರಿಯರೊಬ್ಬರು 'ನಿಲ್ಸಪ್ಪ' ಅಂದರು. ಸ್ವಲ್ಪ ಹೊತ್ತು ಬಿಟ್ಟು, 'ನೇಗಿಲು ಹಿಡ್ದಿದ್ದೋನೂ ಕೂಲಿಯೋನೇ ಇರ್ಬೇಕು. ಹೊಲ್ದೋನು ಯಾವತ್ತೂ ದೂರ್ದಲ್ಲೇ ಇರ್ತಾನೆ' ಅಂದರು. ಚೋಮನಿಗೆ ಎತ್ತಿದ್ದವು, ಹೊಲ ಇರಲಿಲ್ಲ. ಇಲ್ಲಿ ಹೊಲ ಇದೆ, ಎತ್ತಿನ ಜಾಗದಲ್ಲಿ ಮನುಷ್ಯ ಇದ್ದಾನೆ. ಎರಡು ಪುಸ್ತಕದ ನಡುವೆ ಸ್ವಾತಂತ್ರ್ಯ ಬಂದು ಹೋಗಿದೆ.

ನಮ್ಮ ಓದಿನಲ್ಲಿ 'ಊರು ಕೇರಿ'ಯ ನಗು ಈ ನೊಗಕ್ಕೆ ಕಟ್ಟಿದ ನಗು. ನೊಗವನ್ನ ಕಂಡ ಕಣ್ಣು ಮುಂದೆ ಜಗತ್ತನ್ನ ನೋಡಿ ನಕ್ಕರೆ, ಜಗತ್ತಿನ ದೊಡ್ಡಸ್ತಿಕೆ ಅದಕ್ಕೆ ಹೆದರಿಕೆ ಹುಟ್ಟಿಸಲ್ಲ ಅಂತ ಅರ್ಥ. ಸಿಟ್ಟು ಎಲ್ಲೂ ಹೋಗಿಲ್ಲ, ಅದಕ್ಕೆ ಹಲ್ಲು ಬಂದಿದೆ. ನಮ್ಮ ತಕರಾರೂ ಒಂದಿದೆ. ಮುಂದಿನ ಭಾಗಗಳಲ್ಲಿ ಸಭೆ, ಸಮಾರಂಭ, ದೊಡ್ಡವರ ಒಡನಾಟ ಹೆಚ್ಚಾಗಿ ಕೇರಿ ಹಿಂದಕ್ಕೆ ಸರಿಯುತ್ತದೆ. ಅಲ್ಲಿ ನಗು ಕೆಲವು ಕಡೆ ಬರೀ ಚಟಾಕಿ ಆಗಿದೆ. ನೊಗದಿಂದ ಬಿಡಿಸಿಕೊಂಡ ನಗು ಹಗುರ. 2021ರ ಜೂನ್‌ನಲ್ಲಿ ಕೋವಿಡ್ ಅವರನ್ನ ಕೊಂಡೊಯ್ದಿತು. ಇದ್ದಿದ್ದರೆ ಈ ಮಾತಿಗೂ ಒಂದು ನಗೆಯ ಉತ್ತರ ಕೊಡುತ್ತಿದ್ದರೇನೋ.

'ಗೌರ್ಮೆಂಟ್ ಬ್ರಾಹ್ಮಣ' ಇದಕ್ಕೆ ತದ್ವಿರುದ್ಧ. ಬಿಜಾಪುರ ಸೀಮೆಯ ಮುದ್ದೇಬಿಹಾಳದ ಹುಡುಗನ ಬಾಳು ಇಲ್ಲಿ ಬಿಡಿಬಿಡಿ ಪ್ರಸಂಗಗಳಾಗಿ ಬರುತ್ತದೆ. ಎಮ್ಮೆ ಕೋಣಗಳಿಗೂ ಜಾತಿ ಅಂಟಿಸುವ ಊರು ಅದು. ಪುಸ್ತಕದ ಹೆಸರೇ ಮೇಲ್ಜಾತಿಯವರು ನಮ್ಮ ಹುಡುಗರನ್ನ ಹಂಗಿಸುವ ಮಾತು. ಆ ಹಂಗಿನ ಮಾತನ್ನೇ ಕಿತ್ತುಕೊಂಡು ಮುಖಪುಟದ ಮೇಲೆ ಹಾಕಿದ್ದು ಈ ಲೇಖಕರ ಧೈರ್ಯ. ನಮ್ಮ ಹುಡುಗರಲ್ಲಿ ಒಬ್ಬ ಹೇಳಿದ: 'ಈಗ ಆ ಹೆಸ್ರು ಹೇಳಲ್ಲ ಸಾರ್, ಕೋಟಾ ಅಂತಾರೆ. ಕ್ಲಾಸಲ್ಲಿ ಮಾರ್ಕ್ಸ್ ಹೇಳ್ದಾಗ ಹಿಂದಿನ್ ಬೆಂಚಿಂದ ನಗ್ತಾರೆ.' ಆ ದಿನ ಪುಸ್ತಕ ಮುಂದುವರಿಯಲಿಲ್ಲ. ಅವನು ಮೊದಲ ಸಲ ಬಾಯಿ ಬಿಟ್ಟಿದ್ದ. ಒಂದು ಪುಸ್ತಕ ಇದಕ್ಕಿಂತ ಹೆಚ್ಚಿನ ಕೆಲಸ ಮಾಡಬೇಕೆ? ಪ್ರಸಂಗ ಹೇಳಿದ ಮೇಲೂ ಲೇಖಕರು ಅದರ ಅರ್ಥವನ್ನ ಬಿಡಿಸಿ ಹೇಳುತ್ತಾರೆ, ಅದು ನಮಗೆ ಬೇಕಿರಲಿಲ್ಲ, ಪ್ರಸಂಗವೇ ಸಾಕಿತ್ತು. ಆದರೆ ಕೇರಿಯನ್ನೇ ಕಾಣದ ಓದುಗನಿಗೆ ಬೇಕೇನೋ ಅಂತ ಬಿಟ್ಟುಕೊಡುತ್ತೇವೆ.

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ನಗು ಎರಡು ಥರ. ಹಿಂದಿನ ಬೆಂಚಿನ ನಗು ಒಂದು, ಕಡಲೆಕಾಯಿಯ ರಾತ್ರಿಯ ನಗು ಇನ್ನೊಂದು. ಮೊದಲನೆಯದು ಮನುಷ್ಯನನ್ನ ಕುಗ್ಗಿಸುತ್ತದೆ, ಎರಡನೆಯದು ಕುಗ್ಗಿದವನನ್ನ ಎತ್ತಿ ಕೂರಿಸುತ್ತದೆ. ಅಪಾಯ ಏನೆಂದರೆ ಎರಡನೆಯದನ್ನ ಮೊದಲನೆಯದಾಗಿ ಮಾಡುವವರು ಇದ್ದಾರೆ. ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಂದು ಸಭೆಯಲ್ಲಿ ಭಾಷಣಕಾರರೊಬ್ಬರು 'ಊರು ಕೇರಿ'ಯ ತಮಾಷೆಗಳನ್ನ ಒಂದಾದ ಮೇಲೊಂದು ಹೇಳಿದರು. ಸಭೆ ಚಪ್ಪಾಳೆ ತಟ್ಟಿ ನಕ್ಕಿತು. ನೊಗದ ಮಾತು ಬರಲೇ ಇಲ್ಲ. ನಾವೂ ಅಲ್ಲಿದ್ದೆವು, ನಾವೂ ನಕ್ಕೆವು. ಎದ್ದು ನಿಂತು 'ಆ ಮೊದಲ ಪುಟವನ್ನೂ ಹೇಳಿ ಸ್ವಾಮಿ' ಅಂತ ಕೇಳಲಿಲ್ಲ. ಈ ತಪ್ಪು ನಮ್ಮದು, ಪುಸ್ತಕದ್ದಲ್ಲ.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ದೊಡ್ಡ ಗಲಭೆಯೇ ಆಯಿತು, ಅವರು ಮಂತ್ರಿಗಿರಿ ಕಳೆದುಕೊಂಡರು. ಆ ಮಾತಿಗೆ ಉತ್ತರವಾಗಿ ನಮ್ಮವರು ಕಾಳು ಬೆಳೆದರು, ಈ ಪುಸ್ತಕಗಳೇ ಆ ಕಾಳು. ಕಾಳನ್ನ ಮತ್ತೆ ಬೂಸಾ ಮಾಡಿ ಹಂಚದಂತೆ ನೋಡಿಕೊಳ್ಳೋದು ಓದುಗರ ಕೆಲಸ.

ಇನ್ನೊಂದು ಕೊರತೆಯನ್ನೂ ಹೇಳಿಬಿಡುತ್ತೇವೆ. ನಾವು ಓದಿದ ಆರೂ ಪುಸ್ತಕ ಬರೆದವರು ಗಂಡಸರು. ಸಾಕವ್ವನ ಬಾಯನ್ನ ಮಹಾದೇವ ನಮಗೆ ಕೇಳಿಸಿದರು, ಆದರೆ ಸಾಕವ್ವ ತಾನೇ ಬರೆಯಲಿಲ್ಲ. ಅಕ್ಷರ ಕಲಿತು ಕೇರಿ ದಾಟಿದವನು ಆತ್ಮಕಥೆ ಬರೆಯುತ್ತಾನೆ. ಕೇರಿಯಲ್ಲೇ ಉಳಿದವಳ ಕಥೆ ಕಾದಂಬರಿಕಾರನ ದಯೆಗೆ ಕಾಯಬೇಕೆ? ಈ ಆಯ್ಕೆಯೂ ನಮ್ಮದೇ. ಮುಂದಿನ ಓದಿಗೆ ಗೀತಾ ನಾಗಭೂಷಣ ಅವರ 'ಬದುಕು', ಬಿ.ಟಿ. ಲಲಿತಾ ನಾಯಕ್ ಅವರ ಕಥೆಗಳನ್ನ ತರಬೇಕೆಂದು ಗೊತ್ತು ಮಾಡಿಕೊಂಡಿದ್ದೇವೆ.

ಜೊತೆಗೆ ಒಂದು ನೋಟ್‌ಬುಕ್ಕೂ ತಂದಿದ್ದೇವೆ. ಕೂಸೇ ಅಂತ ಗದರಿದ ಅಜ್ಜಿ ತನ್ನ ಮದುವೆಯ ಬರಗಾಲದ ವರ್ಷದ ಕಥೆ ಹೇಳಲು ಒಪ್ಪಿದ್ದಾರೆ. ಬರೆದುಕೊಳ್ಳುವವನು ಹಸಿವಿಗೆ ನಗ್ತೀರಲ್ಲ ಅಂತ ಕೇಳಿದ್ದ ಆ ಹುಡುಗನೇ. ಅಜ್ಜಿಯದು ಒಂದೇ ಷರತ್ತು: 'ನಾನ್ ನಗಾಡ್ದಾಗ ನಗಾಡ್ದೆ ಅಂತ್ಲೂ ಬರೀಬೇಕು.'

ಊರೂರಿನ ಮೇಷ್ಟ್ರುಗಳೇ, ಗೆಳೆಯರೇ, ನೀವೂ ಜಗಲಿ ಮೇಲೆ ಗಟ್ಟಿಯಾಗಿ ಓದಿ. ಯಾರು ಎಲ್ಲಿ ನಕ್ಕರು, ಎಲ್ಲಿ ನಿಲ್ಸಪ್ಪ ಅಂದರು ಅನ್ನೋದನ್ನ ಬರೆದು ಕಳಿಸಿ.