ತಂದೆಯ ಹೆಸರು, ನೆಲದ ಹೆಸರು: ನಾರ್ವೆಯ ವಲಸೆಗಾರರ ದಾಖಲೆಗಳನ್ನು ಓದುವ ಬಗೆ

ಹಳೆಯ ಕಾಗದಪತ್ರಗಳಿಂದ ವಂಶಾವಳಿಯನ್ನು ಕಟ್ಟುವ ಕೆಲಸವು ಸಾಹಿತ್ಯ ವಿಮರ್ಶೆಗೆ ಸಂಬಂಧಪಟ್ಟುದಲ್ಲವೆಂದು ನಮ್ಮಲ್ಲಿ ಹಲವರ ಎಣಿಕೆ. ಅದು ಶಾನುಭೋಗರ ಕೆಲಸ, ಹೆಚ್ಚೆಂದರೆ ಇತಿಹಾಸಕಾರರ ಕೆಲಸ ಎಂದು ಅವರು ಬಗೆಯುತ್ತಾರೆ. ಆದರೆ ದಾಖಲೆಯೂ ಒಂದು ಬರಹವೇ ಅಲ್ಲವೆ? ಅದನ್ನು ಬರೆದ ಕೈಯೊಂದಿದೆ; ಬರೆದ ಭಾಷೆಯೊಂದಿದೆ; ಬರೆಯಿಸಿದ ಉದ್ದೇಶವೊಂದಿದೆ. ಕಾವ್ಯವನ್ನು ಓದುವಾಗ ಕವಿಯು ಹೇಳಿದುದೇನು, ಹೇಳದೆ ಬಿಟ್ಟುದೇನು ಎಂದು ಕೇಳುವ ನಾವು, ಜನನ ಮರಣಗಳ ಪುಸ್ತಕವನ್ನು ಮಾತ್ರ ಕಣ್ಣುಮುಚ್ಚಿ ನಂಬುವುದು ತರವಲ್ಲ. ಈ ಮಾತನ್ನು ಪರೀಕ್ಷಿಸಲು ನಾರ್ವೆ ದೇಶದಿಂದ ಅಮೆರಿಕಕ್ಕೆ ಹೋಗಿ ನೆಲಸಿದವರ ದಾಖಲೆಗಳು ಒಳ್ಳೆಯ ಉದಾಹರಣೆಯಾಗಿವೆ. ಅದೇ ಜನರ ಬಾಳನ್ನು ಕುರಿತು ಓ. ಇ. ರೋಲ್ವಾಗರು ಬರೆದ ಕಾದಂಬರಿಯನ್ನು ಆ ದಾಖಲೆಗಳ ಪಕ್ಕದಲ್ಲಿರಿಸಿ ನೋಡುವುದು ಈ ಲೇಖನದ ಉದ್ದೇಶ.

೧

೧೮೨೫ರ ಜುಲೈ ತಿಂಗಳಲ್ಲಿ ಸ್ಟಾವಂಗರ್ ಬಂದರಿನಿಂದ ‘ರೆಸ್ಟೌರೇಷನ್’ ಎಂಬ ಚಿಕ್ಕ ಹಾಯಿಹಡಗು ೫೨ ಜನರನ್ನು ಹೊತ್ತು ಹೊರಟು, ಅಕ್ಟೋಬರ್ ೯ರಂದು ನ್ಯೂಯಾರ್ಕನ್ನು ಸೇರಿತು. ದಾರಿಯಲ್ಲಿ ಒಂದು ಹೆಣ್ಣುಮಗು ಹುಟ್ಟಿದುದರಿಂದ ಅಲ್ಲಿ ಇಳಿದವರು ೫೩ ಮಂದಿ. ಅಂದಿನಿಂದ ಒಂದು ನೂರು ವರ್ಷಗಳಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿದ ಜನ ನಾರ್ವೆಯನ್ನು ಬಿಟ್ಟು ಅಮೆರಿಕಕ್ಕೆ ಹೋದರು. ೧೮೬೫ರ ಜನಗಣತಿಯಲ್ಲಿ ಆ ದೇಶದ ಒಟ್ಟು ಜನಸಂಖ್ಯೆಯೇ ಸುಮಾರು ೧೭ ಲಕ್ಷವೆಂಬುದನ್ನು ನೆನೆದರೆ ಈ ವಲಸೆಯ ಪ್ರಮಾಣ ತಿಳಿಯುತ್ತದೆ. ವಿಸ್ಕಾನ್ಸಿನ್, ಅಯೋವಾ, ಮಿನ್ನೆಸೋಟ, ಡಕೋಟ ಪ್ರಾಂತಗಳಲ್ಲಿ ನೆಲಸಿದ ಈ ಜನರ ಮೊಮ್ಮಕ್ಕಳೂ ಮರಿಮಕ್ಕಳೂ ಇಂದು ತಮ್ಮ ಹಿರಿಯರ ಊರನ್ನು ಹುಡುಕುತ್ತಿದ್ದಾರೆ.

ಹುಡುಕುವವರು ಮೊದಲು ಎಡವುವುದು ಹೆಸರಿನಲ್ಲಿ. ಓಲೆ ಎಂಬವನ ಮಗ ಲಾರ್ಸ್ ಎಂದಿಟ್ಟುಕೊಳ್ಳೋಣ. ಹಳ್ಳಿಯಲ್ಲಿ ಅವನು ಲಾರ್ಸ್ ಓಲ್ಸೆನ್, ಎಂದರೆ ಓಲೆಯ ಮಗ. ಅವನ ತಂಗಿ ಆನ್ನೆ ಓಲ್ಸ್‌ದಾತ್ತೆರ್, ಎಂದರೆ ಓಲೆಯ ಮಗಳು. ಲಾರ್ಸನ ಮಗ ನಿಲ್ಸ್ ಆದರೋ ನಿಲ್ಸ್ ಲಾರ್ಸೆನ್. ಅಲ್ಲಿಗೆ ಮೂರು ತಲೆಗಳಲ್ಲಿ ಒಂದೇ ಮನೆತನದ ಹೆಸರೆಂಬುದಿಲ್ಲ. ಇವುಗಳ ಮುಂದೆ ಇನ್ನೊಂದು ಪದ ಬರುತ್ತದೆ. ಅದು ವಾಸಿಸುವ ಹಿಡುವಳಿಯ ಹೆಸರು. ದಿಬ್ಬದ ಮೇಲಿನ ಹಿಡುವಳಿ ಹೌಗೆನ್, ಇಳಿಜಾರಿನದು ಬಾಕೆನ್. ಹೌಗೆನ್‌ನಲ್ಲಿದ್ದ ಲಾರ್ಸ್ ಬಾಕೆನ್‌ಗೆ ಒಕ್ಕಲು ಹೋದರೆ, ಪಾದ್ರಿಯ ಪುಸ್ತಕದಲ್ಲಿ ಅವನು ಲಾರ್ಸ್ ಓಲ್ಸೆನ್ ಬಾಕೆನ್ ಆಗುತ್ತಾನೆ. ಇದು ಬಿರುದಲ್ಲ, ಗೋತ್ರವಲ್ಲ, ಬರಿಯ ವಿಳಾಸ. ಪ್ರತಿಯೊಬ್ಬರಿಗೂ ಸ್ಥಿರವಾದ ಕುಲನಾಮವಿರಬೇಕೆಂದು ನಾರ್ವೆಯಲ್ಲಿ ಕಾನೂನಾದುದು ೧೯೨೩ರಲ್ಲಿ. ಅಷ್ಟರೊಳಗೆ ವಲಸೆ ಹೋಗುವವರಲ್ಲಿ ಬಹುಪಾಲು ಜನ ಹೋಗಿಯಾಗಿತ್ತು.

ಅಮೆರಿಕದಲ್ಲಿ ಈ ಪದ್ಧತಿ ನಿಂತಿತು. ಜಮೀನಿನ ಪತ್ರಕ್ಕೂ ತೆರಿಗೆಯ ಪಟ್ಟಿಗೂ ಶಾಲೆಗೂ ಒಂದು ಸ್ಥಿರವಾದ ಹೆಸರು ಬೇಕಾಯಿತು. ಒಬ್ಬ ತಮ್ಮ ತಂದೆಯ ಹೆಸರಿನಿಂದ ಬಂದ ಓಲ್ಸೆನ್ನನ್ನು ಹಿಡಿದ. ಇನ್ನೊಬ್ಬ ತಮ್ಮ ಹಿಡುವಳಿಯ ಹೆಸರಿನ ಹೌಗೆನ್ನನ್ನು ಹಿಡಿದ. ಒಡಹುಟ್ಟಿದವರು ಎರಡು ಮನೆತನಗಳವರಾದರು. ಸಂಬಂಧವೇ ಇಲ್ಲದ ನೂರಾರು ಜನ ಒಂದೇ ಹೆಸರಿನವರಾದರು. ಎಲ್ಲಕ್ಕಿಂತ ವಿಚಿತ್ರವಾದುದು ಹೆಣ್ಣುಮಕ್ಕಳ ಸಂಗತಿ. ಹಳ್ಳಿಯಲ್ಲಿ ಮದುವೆಯಾದ ಮೇಲೂ ಹೆಂಗಸು ತನ್ನ ತಂದೆಯ ಮಗಳಾಗಿಯೇ ಬರೆಯಲ್ಪಡುತ್ತಿದ್ದಳು. ಹೊಸ ದೇಶದಲ್ಲಿ ಆನ್ನೆಯೂ ಓಲ್ಸೆನ್ ಆದಳು. ಮಗಳನ್ನು ‘ಓಲೆಯ ಮಗ’ ಎಂದು ಕರೆದಂತಾಯಿತು. ಮದುವೆಯಾದ ಮೇಲೆ ಅದೂ ಅಳಿಸಿಹೋಗಿ ಗಂಡನ ಹೆಸರು ಬಂದಿತು. ಹಳೆಯ ದೇಶದ ಪುಸ್ತಕದಲ್ಲಿ ಸುಲಭವಾಗಿ ಸಿಕ್ಕುವ ತಾಯಿಯ ತವರು ಹೊಸ ದೇಶದ ಪುಸ್ತಕದಲ್ಲಿ ಸಿಕ್ಕದಿರುವುದಕ್ಕೆ ಇದೇ ಕಾರಣ.

೨

ಇನ್ನು ಬರೆದ ಕೈಯನ್ನು ನೋಡೋಣ. ನಾರ್ವೆಯು ೧೮೧೪ರವರೆಗೆ ಡೆನ್ಮಾರ್ಕಿನ ಆಳ್ವಿಕೆಗೆ ಒಳಪಟ್ಟಿದ್ದಿತು. ಬರಹದ ಭಾಷೆ ಡೇನಿಷ್. ಕ್ರಿಸ್ತಿಯಾನಿಯದಲ್ಲಿ, ಎಂದರೆ ಇಂದಿನ ಓಸ್ಲೋದಲ್ಲಿ, ವಿಶ್ವವಿದ್ಯಾಲಯ ಸ್ಥಾಪನೆಯಾದುದು ೧೮೧೧ರಲ್ಲಿ. ಅಲ್ಲಿಯವರೆಗೆ ಪಾದ್ರಿಗಳು ಓದುತ್ತಿದ್ದುದು ಕೋಪನ್‌ಹೇಗನ್ನಿನಲ್ಲಿ. ಹೀಗೆ ಒಕ್ಕಲಿಗನು ತನ್ನ ಹಳ್ಳಿಯ ನುಡಿಯಲ್ಲಿ ಹೇಳಿದುದನ್ನು ಪಾದ್ರಿಯು ಬೇರೊಂದು ಬರಹದ ಭಾಷೆಗೆ ತಿರುಗಿಸಿ ಬರೆದುಕೊಂಡನು. ಹಿಡುವಳಿಯ ಹೆಸರುಗಳು ಪುಸ್ತಕದಿಂದ ಪುಸ್ತಕಕ್ಕೆ ಕಾಗುಣಿತ ಬದಲಿಸಿದವು. ಇದನ್ನು ಕಂಡ ವಿದ್ವಾಂಸರು ಓಲುಫ್ ರೀಗ್. ೧೮೯೭ರಿಂದ ಪ್ರಕಟವಾಗತೊಡಗಿದ ಅವರ ‘ನಾರ್ವೆಯ ಹಿಡುವಳಿಗಳ ಹೆಸರುಗಳು’ ಎಂಬ ಬಹುಸಂಪುಟಗಳ ಗ್ರಂಥವು ಪ್ರತಿಯೊಂದು ಹೆಸರಿಗೂ ಹಳೆಯ ಪತ್ರಗಳಲ್ಲಿನ ರೂಪಗಳನ್ನು ಕೊಡುವುದರ ಜೊತೆಗೆ, ಆ ಹಳ್ಳಿಯವರು ಅದನ್ನು ಉಚ್ಚರಿಸುವ ರೀತಿಯನ್ನೂ ಕೊಡುತ್ತದೆ. ಬರಹವನ್ನು ಮಾತಿನಿಂದ ಒರೆಗೆ ಹಚ್ಚಿದ ಈ ವಿವೇಕವು ಶೋಧಕರಿಗೆಲ್ಲ ಮಾರ್ಗದರ್ಶಕವಾದುದು.

ಪಾದ್ರಿಯ ಪುಸ್ತಕವನ್ನು ಹಳಿಯುವುದು ನಮ್ಮ ಅಭಿಪ್ರಾಯವಲ್ಲ. ದೀಕ್ಷಾಸ್ನಾನ, ವಿವಾಹ, ಮರಣಗಳಲ್ಲದೆ, ಊರಿಗೆ ಬಂದವರ ಮತ್ತು ಊರು ಬಿಟ್ಟವರ ಪಟ್ಟಿಗಳೂ ಅದರಲ್ಲಿವೆ. ೧೭೩೬ರಿಂದ ಕಡ್ಡಾಯವಾದ ಧರ್ಮದೃಢೀಕರಣದ ಪುಟಗಳಲ್ಲಿ ಹುಡುಗ ಹುಡುಗಿಯರ ಕಲಿಕೆ ಹೇಗಿತ್ತೆಂಬ ಮಾತೂ ಕಾಣಸಿಗುತ್ತದೆ; ಉಪಾಧ್ಯಾಯರಾದ ನಮಗೆ ಇದು ಕುತೂಹಲದ ವಿಷಯ. ಶಿಶುವಿನ ದೀಕ್ಷೆಗೆ ಸಾಕ್ಷಿಗಳಾಗಿ ನಿಂತವರ ಹೆಸರುಗಳನ್ನು ಅನೇಕರು ಓದದೆ ದಾಟುತ್ತಾರೆ. ವಾಸ್ತವವಾಗಿ ಅವರಲ್ಲಿ ಹೆಚ್ಚಿನವರು ಅತ್ತೆ, ಮಾವ, ಚಿಕ್ಕಪ್ಪಂದಿರು ಅಥವಾ ನೆರೆಯ ಹಿಡುವಳಿಯವರು. ಹೆಸರಿಡುವ ಕ್ರಮವೂ ಒಂದು ಸಾಕ್ಷ್ಯವೇ: ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಎಂಬುದು ಸಾಮಾನ್ಯ ರೂಢಿ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಆದುದರಿಂದ ಸರಿಯಾದ ದಾರಿ ಯಾವುದೆಂದರೆ, ಕುಲನಾಮದ ಬೆನ್ನು ಹತ್ತದೆ ನೆಲದ ಬೆನ್ನು ಹತ್ತುವುದು. ಅಮೆರಿಕದ ನಾರ್ವೇಜಿಯನ್ ಲೂಥರನ್ ಸಭೆಗಳ ಪುಸ್ತಕದಲ್ಲಿ ಹುಟ್ಟಿದ ಊರು ದೊರೆತರೆ, ಅಲ್ಲಿಂದ ಆ ಊರಿನ ನಿರ್ಗಮನದ ಪಟ್ಟಿಗೆ, ಬಳಿಕ ೧೮೬೫ರ ಜನಗಣತಿಗೆ, ಕೊನೆಗೆ ದೀಕ್ಷಾಪುಸ್ತಕಕ್ಕೆ ಹೋಗಬಹುದು. ೧೮೬೭ರಿಂದ ಕ್ರಿಸ್ತಿಯಾನಿಯ ಮತ್ತು ಟ್ರೊಂಡ್‌ಹೈಮ್ ಬಂದರುಗಳ ಪೊಲೀಸರು ಬರೆದಿಟ್ಟ ಪಟ್ಟಿಗಳೂ ಇವೆ. ನ್ಯೂಯಾರ್ಕಿನ ಹಡಗುಪಟ್ಟಿಯಲ್ಲಿ ಹೆಸರಿಲ್ಲವೆಂದು ಕೈಚೆಲ್ಲಬಾರದು; ೧೮೫೦ರಿಂದ ಮುಂದಿನ ಒಂದೆರಡು ದಶಕಗಳಲ್ಲಿ ಬಹುಮಂದಿ ಕೆನಡಾದ ಕ್ವಿಬೆಕ್ ಬಂದರಿನಲ್ಲಿ ಇಳಿದು ಒಳನಾಡಿಗೆ ಹೋದವರು. ನಾರ್ವೆಯ ರಾಷ್ಟ್ರೀಯ ಪತ್ರಾಗಾರವು ಈಗ ಚರ್ಚಿನ ಪುಸ್ತಕಗಳ ಪುಟಗಳನ್ನು ಅಂತರಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ.

ಊರೂರಿನ ಹಿಡುವಳಿಗಳನ್ನೂ ಅಲ್ಲಿದ್ದ ಸಂಸಾರಗಳನ್ನೂ ಕ್ರಮವಾಗಿ ವಿವರಿಸುವ ಗ್ರಾಮಗ್ರಂಥಗಳು ನಾರ್ವೆಯಲ್ಲಿ ಒಂದು ಪ್ರತ್ಯೇಕ ಪ್ರಕಾರವಾಗಿಯೇ ಬೆಳೆದಿವೆ. ಅವುಗಳ ಶ್ರದ್ಧೆ ಮೆಚ್ಚತಕ್ಕದ್ದು. ಆದರೆ ಹಳೆಯ ಗ್ರಂಥಗಳಲ್ಲಿ ಒಂದು ಕೊರತೆಯನ್ನು ಹೇಳಲೇಬೇಕು. ನೆಲದ ಒಡೆಯರಿಗೆ ಅಲ್ಲಿ ಪುಟಗಟ್ಟಲೆ ಜಾಗವುಂಟು. ಒಡೆಯನ ಜಮೀನಿನ ಅಂಚಿನಲ್ಲಿ ಗುಡಿಸಲು ಕಟ್ಟಿ ದುಡಿದು ಬಾಳಿದ ಒಕ್ಕಲಾಳಿಗೆ ಒಂದೆರಡು ಸಾಲು. ಹಡಗು ಹತ್ತಿದವರಲ್ಲಿ ಇಂಥವರು ಕಡಮೆಯವರಲ್ಲ.

೩

ಇಷ್ಟು ಹೇಳಿ ರೋಲ್ವಾಗರ ಕಾದಂಬರಿಗೆ ಬರೋಣ. ಅವರು ೧೮೭೬ರಲ್ಲಿ ಹೆಲ್ಗೆಲಾಂಡ್ ಪ್ರದೇಶದ ಡೊನ್ನ ದ್ವೀಪದಲ್ಲಿ, ಮೀನುಗಾರರ ಮನೆಯಲ್ಲಿ ಹುಟ್ಟಿ, ೧೮೯೬ರಲ್ಲಿ ಅಮೆರಿಕಕ್ಕೆ ಬಂದವರು; ಮಿನ್ನೆಸೋಟದ ಸೇಂಟ್ ಓಲಾಫ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು ೧೯೩೧ರಲ್ಲಿ ತೀರಿಕೊಂಡರು. ‘ರೋಲ್ವಾಗ್’ ಎಂಬುದೂ ಅವರ ಹುಟ್ಟೂರಿನ ಹೆಸರೇ. ೧೯೨೪ ಮತ್ತು ೧೯೨೫ರಲ್ಲಿ ನಾರ್ವೇಜಿಯನ್ ಭಾಷೆಯಲ್ಲಿ ಎರಡು ಭಾಗಗಳಾಗಿ ಬಂದ ಅವರ ಕಾದಂಬರಿಯು ೧೯೨೭ರಲ್ಲಿ ‘ಜಾಯಂಟ್ಸ್ ಇನ್ ದಿ ಅರ್ತ್’ ಎಂದು ಇಂಗ್ಲಿಷಿಗೆ ಬಂದಿತು.

ಕಥೆ ಡಕೋಟದ ಬಯಲಿನದು. ಪೆರ್ ಹಾನ್ಸನು ಹೊಸ ನೆಲಕ್ಕೆ ಮರುಳಾದವನು. ಹೆಂಡತಿ ಬೆರೆಟ್ ಆ ಬಯಲಿಗೆ ಹೆದರಿ ನವೆದವಳು. ಮನೆತನಕ್ಕೆ ಸ್ಥಿರವಾದ ಹೆಸರೊಂದು ಬೇಕಾದಾಗ ಪೆರ್ ‘ಹೊಲ್ಮ್’ ಎಂಬುದನ್ನು ಆರಿಸುತ್ತಾನೆ. ಹೊಲ್ಮ್ ಎಂದರೆ ನಡುನೀರಿನ ಕಿರುದ್ವೀಪ. ಗಿಡಮರಗಳಿಲ್ಲದ, ಕಡಲಿನಂತೆ ಹಬ್ಬಿದ ಬಯಲಿನಲ್ಲಿ ಮೀನುಗಾರನೊಬ್ಬ ತನ್ನನ್ನು ದ್ವೀಪವೆಂದು ಕರೆದುಕೊಂಡನು! ಯಾವ ಸರಕಾರಿ ಪಟ್ಟಿಯೂ ಈ ಅರ್ಥವನ್ನು ಹೇಳಲಾರದು. ಬೆರೆಟ್‌ಳಿಗಾದರೋ ತಂದೆತಾಯಿಗಳಿಂದ ಬಂದ ಹೆಸರನ್ನು ತೊರೆಯುವುದು ಪಾಪವಾಗಿ ಕಾಣುತ್ತದೆ. ಇಂದು ಹೆಸರು ಹೋದರೆ ನಾಳೆ ಉಳಿಯುವುದೇನು ಎಂಬುದು ಆಕೆಯ ಅಳಲು. ಹೊಸ ನೆಲದಲ್ಲಿ ಹುಟ್ಟಿದ ಮಗುವಿಗೆ ‘ವಿಜಯಿ’ ಎಂಬರ್ಥದ ಹೆಸರನ್ನು ಸೇರಿಸಿದುದೂ ಆಕೆಗೆ ಸಹಿಸದು.

ಕಾದಂಬರಿಯನ್ನು ಮಾತ್ರ ಓದಿದವರಿಗೆ, ಹಳೆಯ ದೇಶದಲ್ಲಿ ಹೆಸರು ಅಚಲವಾಗಿದ್ದು ಹೊಸ ದೇಶದಲ್ಲಿ ಕೆಟ್ಟಿತೆಂದು ತೋರಬಹುದು. ದಾಖಲೆಗಳು ಈ ಭಾವನೆಯನ್ನು ತಿದ್ದುತ್ತವೆ. ಹಳೆಯ ದೇಶದಲ್ಲಿ ಹೆಸರು ಮನುಷ್ಯನೊಡನೆ ನಡೆಯುತ್ತಿತ್ತು. ಹೊಸ ದೇಶದಲ್ಲಿ ನಿಂತುಹೋಯಿತು. ಕಳೆದುಹೋದುದು ಹೆಸರಲ್ಲ, ಆ ಹೆಸರಿನ ಅರ್ಥವನ್ನು ಬಲ್ಲ ನೆರೆಹೊರೆ. ಆದರೂ ಬೆರೆಟ್‌ಳ ಅಳಲು ಹುಸಿಯಲ್ಲ. ಎಷ್ಟು ದಾಖಲೆಗಳನ್ನು ಓದಿದರೂ ಹೆಸರನ್ನು ಬಿಟ್ಟಾಗ ಒಬ್ಬ ತಾಯಿಗೆ ಏನಾಯಿತೆಂಬುದು ನಮಗೆ ತಿಳಿಯುತ್ತಿರಲಿಲ್ಲ. ದಾಖಲೆಯು ಕಾದಂಬರಿಯನ್ನು ತಿದ್ದುತ್ತದೆ. ಕಾದಂಬರಿಯು ದಾಖಲೆಯನ್ನು ತುಂಬುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದ ವಂಶಚರಿತ್ರೆಯು ಅರೆಯಾದುದು.

ಬೆರೆಟ್‌ಳ ಭಯವು ಮುಂದೆ ಬೇರೊಂದು ರೀತಿಯಲ್ಲಿ ನಿಜವಾಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ, ೧೯೧೮ರ ಮೇ ತಿಂಗಳಲ್ಲಿ, ಅಯೋವಾದ ರಾಜ್ಯಪಾಲ ವಿಲಿಯಂ ಹಾರ್ಡಿಂಗ್ ಅವರು ಶಾಲೆಗಳಲ್ಲಿ, ಪ್ರಾರ್ಥನೆಯಲ್ಲಿ, ಸಾರ್ವಜನಿಕ ಸ್ಥಳಗಳಲ್ಲಿ, ದೂರವಾಣಿಯಲ್ಲಿ ಸಹ ಇಂಗ್ಲಿಷನ್ನಲ್ಲದೆ ಬೇರೆ ಭಾಷೆಯನ್ನಾಡಬಾರದೆಂದು ಆಜ್ಞೆ ಹೊರಡಿಸಿದರು. ನಾರ್ವೇಜಿಯನ್ ಲೂಥರನ್ ಚರ್ಚು ೧೯೪೬ರಲ್ಲಿ ತನ್ನ ಹೆಸರಿನಿಂದ ‘ನಾರ್ವೇಜಿಯನ್’ ಎಂಬ ಮಾತನ್ನೇ ತೆಗೆದುಹಾಕಿತು. ಅಟ್ಟದ ಪೆಟ್ಟಿಗೆಯಲ್ಲಿ ಅಜ್ಜನ ಬೈಬಲ್ಲಿತ್ತು. ಅದರ ಮೊದಲ ಹಾಳೆಯಲ್ಲಿ ಹುಟ್ಟು ಸಾವುಗಳೆಲ್ಲವೂ ಬರೆದಿದ್ದುವು. ಮೊಮ್ಮಕ್ಕಳಿಗೆ ಆ ಭಾಷೆಯೂ ತಿಳಿಯದು, ಆ ಹಳೆಯ ಗಾಥಿಕ್ ಕೈಬರಹವೂ ತಿಳಿಯದು. ಕಾಗದ ಉಳಿದರೂ ಓದುವವರು ಉಳಿಯಲಿಲ್ಲ. ೧೯೨೫ರಲ್ಲಿ ಸ್ಥಾಪಿತವಾದ ನಾರ್ವೇಜಿಯನ್ ಅಮೆರಿಕನ್ ಇತಿಹಾಸ ಸಂಘದಂಥ ಸಂಸ್ಥೆಗಳು ಕಾಗದಗಳನ್ನು ಕಾಪಾಡಿದವು. ಭಾಷೆಯನ್ನು ಕಪಾಟಿನಲ್ಲಿಟ್ಟು ಕಾಪಾಡಲಾಗುವುದಿಲ್ಲ.

೪

ಗಡಿನಾಡಿನ ಉಪಾಧ್ಯಾಯರಾದ ನಮಗೆ ಇದರಿಂದ ತಿಳಿಯತಕ್ಕದ್ದೇನು? ನಾವು ಯಾರೂ ಕಡಲು ದಾಟಿದವರಲ್ಲ. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾವು ಇದ್ದಲ್ಲೇ ಇದ್ದೆವು, ಗಡಿ ಮಾತ್ರ ಸರಿಯಿತು. ಆದರೂ ಕನ್ನಡದ ಮಗುವಿನ ಹೆಸರನ್ನು ಬೇರೊಂದು ಭಾಷೆಯ ಪಟ್ಟಿಯಲ್ಲಿ, ಬೇರೊಂದು ಲಿಪಿಯಲ್ಲಿ ಬರೆಯುವ ಸಂದರ್ಭ ನಮ್ಮಲ್ಲಿ ದಿನವೂ ಬರುತ್ತದೆ. ಮಂಜೇಶ್ವರ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ಎಂಬ ಹೆಸರುಗಳಲ್ಲಿ ಊರಿನ ಹೆಸರು ಯಾವುದು, ಮನೆತನದ್ದು ಯಾವುದು ಎಂಬುದು ನಮಗೆ ಗೊತ್ತು. ನೂರು ವರ್ಷದ ಮೇಲೆ ಬೇರೆ ಲಿಪಿಯಲ್ಲಿ ಅದನ್ನು ಕಂಡವನಿಗೆ ಗೊತ್ತಾಗುವುದೆಂದು ನಂಬಲಾಗದು.

ಶಾಲೆಯ ದಾಖಲಾತಿ ಪುಸ್ತಕವೇ ನಮ್ಮ ಪಾಲಿನ ಚರ್ಚಿನ ಪುಸ್ತಕ. ಆ ಪಾದ್ರಿಯ ಲೇಖನಿ ಈಗ ನಮ್ಮ ಕೈಯಲ್ಲಿದೆ. ಸರಕಾರದ ನಮೂನೆ ಕೇಳುವಷ್ಟನ್ನು ತುಂಬಿದ ಮೇಲೆ, ಬೇರೊಂದು ಪುಸ್ತಕದಲ್ಲಿ ಮಗುವಿನ ಹೆಸರನ್ನು ಮನೆಯವರು ಕರೆಯುವಂತೆ ಕನ್ನಡ ಅಕ್ಷರದಲ್ಲಿ, ಮನೆಯ ಹೆಸರು, ತಾಯಿಯ ಹೆಸರು ಮತ್ತು ಆಕೆಯ ತವರುಮನೆಯ ಸಹಿತ ಬರೆದಿಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಊರಿನ ಮುದುಕರಿಂದ ಗದ್ದೆ, ಗುಡ್ಡ, ಮನೆಗಳ ಹೆಸರುಗಳನ್ನು ಅವರು ಉಚ್ಚರಿಸುವಂತೆಯೇ ಕೇಳಿ ಬರೆದುಕೊಳ್ಳುವುದು ಹೈಸ್ಕೂಲಿನ ಹುಡುಗರಿಂದ ಆಗಬಹುದಾದ ಕೆಲಸ. ಅದನ್ನು ಓದಬಲ್ಲ ಮಕ್ಕಳನ್ನು ತಯಾರುಮಾಡುವುದು ನಮ್ಮ ನಿತ್ಯದ ಕೆಲಸ. ಎರಡನೆಯದು ನಡೆಯದಿದ್ದರೆ ಮೊದಲನೆಯದರಿಂದ ಪ್ರಯೋಜನವಿಲ್ಲ.