ಮೂವತ್ತೊಂಬತ್ತು ಷಿಲಿಂಗು: 1819ರ ಮರಣದಂಡನಾ ವಿಚಾರಣೆಯ ಕಡತಗಳು

ಇಂಗ್ಲೆಂಡಿನ ಕಾಮನ್ಸ್ ಸಭೆಯು 1819ರಲ್ಲಿ ನೇಮಿಸಿದ ಕ್ರಿಮಿನಲ್ ಕಾನೂನುಗಳ ವಿಚಾರಣಾ ಸಮಿತಿಯ ವರದಿಯೂ, ಅದರೊಡನೆ ಅಚ್ಚಾದ ಸಾಕ್ಷಿಗಳ ಹೇಳಿಕೆಗಳೂ ಮರಣದಂಡನೆಯ ಇತಿಹಾಸಕ್ಕೆ ಮುಖ್ಯವಾದ ಆಧಾರಗಳಾಗಿವೆ. ಇವುಗಳನ್ನು ಹೇಗೆ ಓದತಕ್ಕದ್ದೆಂಬುದೇ ಪ್ರಕೃತ ವಿಚಾರ.

ಆ ಕಾಲದಲ್ಲಿ ವಾಸದ ಮನೆಯಿಂದ 40 ಷಿಲಿಂಗು ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸೊತ್ತನ್ನು ಕದ್ದವನಿಗೆ ಮರಣವೇ ವಿಧಿಯಾಗಿದ್ದಿತು. ಆದರೆ ಜೂರಿಯವರು ಅನೇಕ ವೇಳೆ, ಎಷ್ಟೇ ಬೆಲೆಬಾಳುವ ಸೊತ್ತಾಗಿದ್ದರೂ ಅದು 39 ಷಿಲಿಂಗಿನದೆಂದು ತೀರ್ಮಾನವನ್ನಿತ್ತು ಆರೋಪಿಯ ಪ್ರಾಣವನ್ನುಳಿಸುತ್ತಿದ್ದರು. ವರ್ತಕರೂ ಬ್ಯಾಂಕಿನವರೂ ಅಂಗಡಿಕಾರರೂ ಸಮಿತಿಯ ಮುಂದೆ ಬಂದು, ಕಳ್ಳನಿಗೆ ನೇಣಾದೀತೆಂಬ ಅಳುಕಿನಿಂದ ಜನರು ಫಿರ್ಯಾದನ್ನೇ ಕೊಡದಿರುವರೆಂದು ನುಡಿದರು. ದಂಡನೆಯ ಕ್ರೌರ್ಯವೇ ದಂಡನೆಗೆ ಅಡ್ಡಿಯಾಯಿತೆಂಬ ಸಮಿತಿಯ ಸಿದ್ಧಾಂತವು ಇದರಿಂದ ಚೆನ್ನಾಗಿ ಸ್ಥಾಪಿತವಾಗಿದೆಯೆಂದೇ ನಮ್ಮ ಅಭಿಪ್ರಾಯ.

ಸಂಶೋಧಕರಿಗೆ ಇಲ್ಲಿ ಒಂದು ಎಚ್ಚರಿಕೆಯುಂಟು. ನ್ಯಾಯಸ್ಥಾನದ ದಫ್ತರದಲ್ಲಿ ಕಾಣುವ 39 ಎಂಬ ಅಂಕೆಯು ವಸ್ತುವಿನ ಬೆಲೆಯಾಗಿರದೆ ಜೂರಿಯವರ ದಯೆಯಾಗಿರಬಹುದು. ಅದನ್ನು ಅಂದಿನ ಧಾರಣೆಯೆಂದು ಎಣಿಸುವವರು ಮೋಸಹೋಗುವರು. ಹಾಗೆಯೇ ಶಿಕ್ಷೆ ಹೊಂದಿದವರ ಸಂಖ್ಯೆಯಿಂದ ಅಪರಾಧಗಳ ಸಂಖ್ಯೆಯನ್ನು ಊಹಿಸುವುದೂ ಸಾಧುವಲ್ಲ. ಕೊಡದೆ ಉಳಿದ ಫಿರ್ಯಾದು ಯಾವ ದಫ್ತರದಲ್ಲಿಯೂ ದೊರೆಯಲಾರದು.

ಆದರೆ ಸಮಿತಿಯ ಕಡತಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಡವೇ? ಅಧ್ಯಕ್ಷರಾದ ಸರ್ ಜೇಮ್ಸ್ ಮ್ಯಾಕಿಂಟಾಷರು 1804ರಿಂದ 1811ರ ವರೆಗೆ ಮುಂಬಯಿಯಲ್ಲಿ ರೆಕಾರ್ಡರೆಂಬ ನ್ಯಾಯಾಧೀಶರಾಗಿದ್ದವರು. ಮರಣದಂಡನೆಯನ್ನು ಆದಷ್ಟು ಕಡಮೆ ಮಾಡಬೇಕೆಂಬ ಮತವು ಅವರಿಗೆ ಮೊದಲೇ ಇದ್ದಿತು. ಸಾಕ್ಷಿಗಳಲ್ಲಿ ಬಹು ಮಂದಿ ಸೊತ್ತುಳ್ಳವರು. ನೇಣಿನ ನೆರಳಿನಲ್ಲಿ ನಿಂತವನ ಮಾತಾದರೋ ನಮಗೆ ಪರರ ಬಾಯಿಂದಲೇ ಕೇಳಿಬರುವುದು. ಆದುದರಿಂದ ಈ ಕಡತಗಳು ಕಳ್ಳತನಕ್ಕೆ ನೇಣು ನಿಷ್ಪ್ರಯೋಜಕವೆಂಬುದನ್ನು ತೋರಿಸುವುವೇ ಹೊರತು, ಅದು ಅನ್ಯಾಯವೆಂಬುದನ್ನು ತೋರಿಸಲಾರವು.

ಈ ಭೇದವು ಬರಿಯ ಮಾತಿನದಲ್ಲ. ಪ್ರಯೋಜನದ ವಾದವು ಕಳ್ಳನನ್ನು ಉಳಿಸಿತು. ವಾಸದ ಮನೆಯೊಳಗಣ ಕಳ್ಳತನಕ್ಕಿದ್ದ ಮರಣದಂಡನೆಯು 1832ರಲ್ಲಿ ರದ್ದಾಯಿತು. ಕೊಲೆಯ ವಿಷಯದಲ್ಲಿ ಫಿರ್ಯಾದಿಗೆ ಅಂತಹ ಅಳುಕಿರಲಿಲ್ಲ. ಆ ವಾದಕ್ಕೆ ಅಲ್ಲಿ ಬಲವೂ ಇರಲಿಲ್ಲವೆಂದು ತೋರುತ್ತದೆ. ಗ್ರೇಟ್ ಬ್ರಿಟನ್ನಿನಲ್ಲಿ ಕೊಲೆಗೆ ನೇಣು ನಿಂತುದು 1965ರಲ್ಲಿ. ಮನುಷ್ಯನ ಪ್ರಾಣವನ್ನು ರಾಜ್ಯವು ತೆಗೆಯಬಹುದೇ ಎಂಬ ಪ್ರಶ್ನೆಗೆ ಉತ್ತರವನ್ನು ಅರಸುವವರು 1819ರ ಕಡತಗಳನ್ನು ಅವಶ್ಯವಾಗಿ ಓದಬೇಕು. ಆದರೆ ಆ ಪ್ರಶ್ನೆಯನ್ನು ಅಲ್ಲಿ ಕೇಳಲೇ ಇಲ್ಲವೆಂಬುದನ್ನು ಮರೆಯದೆ ಓದಬೇಕು.