ಸಾವಿನ ಅಡ್ಡಹೆಸರುಗಳು: ಬ್ರಿಟಿಷ್ ವೈಮಾನಿಕರ ಯುದ್ಧಕಾಲದ ನುಡಿ

ಇಂಗ್ಲಿಷಿನ 'ಸ್ಲ್ಯಾಂಗ್' ಎಂಬುದಕ್ಕೆ ಕನ್ನಡದಲ್ಲಿ 'ಗ್ರಾಮ್ಯ' ಎಂದು ಬರೆಯುವವರಿದ್ದಾರೆ. ಇದು ಸಮರ್ಪಕವಾದ ಪ್ರಯೋಗವಲ್ಲ. ಆಲಂಕಾರಿಕರ ದೃಷ್ಟಿಯಲ್ಲಿ ಗ್ರಾಮ್ಯವೆಂಬುದು ಒಂದು ಕಾವ್ಯದೋಷ. ಸಂಸ್ಕಾರವಿಲ್ಲದವನ ಬಾಯಿಂದ ತಾನಾಗಿ ಬರುವ ಮಾತು. ಸ್ಲ್ಯಾಂಗ್ ಹಾಗಲ್ಲ. ಶಿಷ್ಟವಾದ ಮಾತನ್ನು ಚೆನ್ನಾಗಿ ಬಲ್ಲವನೂ ಅದನ್ನು ಬೇಕೆಂದೇ ಬದಿಗಿರಿಸಿ ತನ್ನವರೊಡನೆ ಆಡುವ ನುಡಿ ಅದು. ಆದುದರಿಂದ ಇಲ್ಲಿ 'ಪಂಗಡನುಡಿ' ಎಂಬ ಪದವನ್ನು ಬಳಸಲಾಗಿದೆ. ಎರಡನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ವಾಯುಪಡೆಯ ನುಡಿ ಇದಕ್ಕೆ ಉತ್ತಮ ನಿದರ್ಶನ.

ಈ ನುಡಿಯನ್ನು ಸಂಗ್ರಹಿಸಿದವರಲ್ಲಿ ಇಬ್ಬರು ಮುಖ್ಯರು. ಸಿ. ಎಚ್. ವಾರ್ಡ್-ಜ್ಯಾಕ್ಸನ್ ಅವರ 'ಇಟ್ಸ್ ಎ ಪೀಸ್ ಆಫ್ ಕೇಕ್' 1943ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ ಹೊರಬಂದಿತು. 1945ರಲ್ಲಿ ಎರಿಕ್ ಪಾರ್ಟ್ರಿಜ್ ಅವರ ವಾಯುಪಡೆಯ ಪಂಗಡನುಡಿಯ ನಿಘಂಟು ಪ್ರಕಟವಾಯಿತು. ಪಾರ್ಟ್ರಿಜ್ ಮೊದಲ ಯುದ್ಧದಲ್ಲಿ ಆಸ್ಟ್ರೇಲಿಯದ ಕಾಲಾಳು. ಎರಡನೆಯದರಲ್ಲಿ ವಾಯುಪಡೆಯಲ್ಲಿಯೇ ಇದ್ದವರು. 1937ರ ದೊಡ್ಡ ಸ್ಲ್ಯಾಂಗ್ ನಿಘಂಟಿನ ಕರ್ತೃ. ಅವರ ಶ್ರಮದ ಬಗ್ಗೆ ಎರಡು ಮಾತಿಲ್ಲ. ಆದರೆ ಅಕಾರಾದಿಯಲ್ಲಿ ಜೋಡಿಸಿದೊಡನೆ ಈ ಮಾತುಗಳಿಗೆ ಒಂದು ಬಗೆಯ ವಿನೋದದ ಕಳೆ ಬಂದುಬಿಡುತ್ತದೆ. ಅರ್ಥ ಸಿಕ್ಕುತ್ತದೆ; ಆ ಮಾತು ಮೆಸ್ಸಿನ ಮೇಜಿನ ಸುತ್ತ ಮಾಡುತ್ತಿದ್ದ ಕೆಲಸ ಸಿಕ್ಕುವುದಿಲ್ಲ. ನನ್ನ ಆಕ್ಷೇಪ ಇರುವುದು ಇಲ್ಲಿಯೇ.

ಹಗುರವಾದ ಪದಗಳ ಮಟ್ಟಿಗೆ ಈ ಕ್ರಮದಿಂದ ಹೆಚ್ಚಿನ ನಷ್ಟವೇನೂ ಇಲ್ಲ. ವಿಮಾನ ಹಾರಿಸದ ಅಧಿಕಾರಿ 'ಪೆಂಗ್ವಿನ್'. ರೆಕ್ಕೆಯಿದ್ದೂ ಹಾರದ ಹಕ್ಕಿ. ಸಮುದ್ರವೆಂದರೆ 'ಡ್ರಿಂಕ್', ವಿಮಾನವೆಂದರೆ 'ಕೈಟ್', ಅರ್ಥಾತ್ ಗಾಳಿಪಟ. ಯಂತ್ರ ಕಾರಣವಿಲ್ಲದೆ ಕೈಕೊಟ್ಟರೆ ಅದು 'ಗ್ರೆಮ್ಲಿನ್' ಎಂಬ ಕುಳ್ಳ ಪಿಶಾಚಿಯ ಕಿತಾಪತಿ. ಈ ಪಿಶಾಚಿಯ ಮೇಲೆ ಹೊರೆ ಹೊರಿಸಿದಾಗ ಹಾರಿದವನೂ ರಿಪೇರಿ ಮಾಡಿದವನೂ ಪರಸ್ಪರ ದೂರುವುದು ತಪ್ಪುತ್ತಿತ್ತೆಂದು ತೋರುತ್ತದೆ. ಖಚಿತವಾದ ಸುದ್ದಿ 'ಪಕ್ಕಾ ಜೆನ್'. ಈ 'ಪಕ್ಕಾ', ನೋಟಕ್ಕೆ 'ಡೆಕ್ಕೊ', ಚಹಕ್ಕೆ 'ಚಾರ್' ಇವೆಲ್ಲ ಬ್ರಿಟಿಷ್ ಪಡೆಗಳು ಭಾರತದ ದಂಡುಗಳಲ್ಲಿ ಕಲಿತು ಒಯ್ದವು. ಬುದ್ಧಿ ಕೆಟ್ಟವನಿಗೆ ಸಿಪಾಯಿಗಳು ಅನ್ನುತ್ತಿದ್ದ 'ಡೂಲ್ಯಾಲಿ' ಎಂಬುದಂತೂ ಮುಂಬಯಿಯಿಂದ ನಾಸಿಕಕ್ಕೆ ಹೋಗುವ ದಾರಿಯ ದೇವಳಾಲಿಯೇ. ಊರಿಗೆ ಮರಳುವ ಹಡಗಿಗಾಗಿ ಸೈನಿಕರು ತಿಂಗಳುಗಟ್ಟಲೆ ಕಾದಿದ್ದ ಶಿಬಿರ ಅಲ್ಲಿತ್ತು.

ಮಧ್ಯಕಾಲೀನ ಸಾಹಿತ್ಯದ ವಿದ್ಯಾರ್ಥಿಗೆ ಇವುಗಳಿಗಿಂತ ಕುತೂಹಲಕರವಾದುದು 'ಲೈನ್ ಬುಕ್' ಎಂಬ ಪುಸ್ತಕ. ಬಡಾಯಿ ಕೊಚ್ಚುವುದಕ್ಕೆ ವೈಮಾನಿಕರು 'ಲೈನ್ ಶೂಟ್ ಮಾಡುವುದು' ಎನ್ನುತ್ತಿದ್ದರು. ಯಾವನಾದರೂ ತನ್ನ ಪರಾಕ್ರಮವನ್ನು ತುಸು ಹೆಚ್ಚಾಗಿ ಹೇಳಿಕೊಂಡನೋ, ಆ ಮಾತನ್ನು ಸ್ಕ್ವಾಡ್ರನ್ನಿನ ಲೈನ್ ಬುಕ್ಕಿನಲ್ಲಿ ಬರೆದು ಸಾಕ್ಷಿಗಳು ರುಜು ಹಾಕುತ್ತಿದ್ದರು. ರನ್ನನ ಗದಾಯುದ್ಧವನ್ನು ಓದಿದವರಿಗೆ ಇದು ತಲೆಕೆಳಗಾದ ಲೋಕ. ಅಲ್ಲಿ ವೀರನ ಬಿರುನುಡಿ ಅವನ ಪೌರುಷದ ಅಂಗ. ನುಡಿದಂತೆ ನಡೆಯುವುದು ಅವನ ಛಲ. ಇಲ್ಲಿ ನುಡಿದುದೇ ಅಪರಾಧ. ಸಾಹಸ ಕಡಿಮೆಯಾಗಿತ್ತೆಂದು ಇದರ ಅರ್ಥವಲ್ಲ. ನಾಳೆ ರಾತ್ರಿ ಹಿಂದಿರುಗುವ ಭರವಸೆ ಯಾರಿಗೂ ಇಲ್ಲದಿದ್ದಾಗ ಒಬ್ಬನ ಬಡಾಯಿ ಉಳಿದವರ ಭಯವನ್ನು ಕೆಣಕುತ್ತದೆ. ಹಾಗಾಗಿ ಅದನ್ನು ನಗೆಯ ಪುಸ್ತಕದಲ್ಲಿ ಕಟ್ಟಿಹಾಕಬೇಕಾಗಿತ್ತು.

ಆ ಭಯಕ್ಕೆ ಆಧಾರವಿತ್ತು. ಬಾಂಬರ್ ಕಮಾಂಡಿನಲ್ಲಿ ಯುದ್ಧದುದ್ದಕ್ಕೂ ಹಾರಿದವರು ಸುಮಾರು 1,25,000 ಮಂದಿ, ಸತ್ತವರು 55,573. ಒಂದು ಸರದಿಗೆ ಸಾಮಾನ್ಯವಾಗಿ 30 ದಾಳಿಗಳು. ಮುಂದೆ ಹಾರಲಾರೆ ಎಂದವನ ಕಾಗದಪತ್ರದಲ್ಲಿ 'ನೈತಿಕ ಸ್ಥೈರ್ಯದ ಕೊರತೆ' ಎಂದು ಬರೆಯಬಹುದಾಗಿತ್ತು; ಇದು ಪಂಗಡನುಡಿಯಲ್ಲ, ಸರಕಾರದ ಶಿಷ್ಟಭಾಷೆ. ಇಂತಹ ಕಡೆ ಬೆಳಗಿನ ಊಟಕ್ಕೆ ಬಾರದವನ ವಿಷಯವಾಗಿ ಗೆಳೆಯರು ಅನ್ನುತ್ತಿದ್ದುದು 'ಗಾನ್ ಫಾರ್ ಎ ಬರ್ಟನ್', ಬರ್ಟನ್ನಿಗೆಂದು ಹೋಗಿದ್ದಾನೆ.

ಈ ಬರ್ಟನ್ ಯಾವುದು? ಬರ್ಟನ್ ಊರಿನ ಬಿಯರ್ ಎಂದು ಕೆಲವರು, ಬರ್ಟನ್ ಅಂಗಡಿಯ ಸೂಟು ಎಂದು ಕೆಲವರು, ಆ ಅಂಗಡಿಯ ಮಹಡಿಯಲ್ಲಿ ನಡೆಯುತ್ತಿದ್ದ ತಂತಿಪರೀಕ್ಷೆ ಎಂದು ಮತ್ತೆ ಕೆಲವರು. ನಿಸ್ಸಂದೇಹವಾದ ಆಧಾರ ಯಾವುದಕ್ಕೂ ಇಲ್ಲ. ವಿದ್ವಾಂಸರು ಈ ವ್ಯುತ್ಪತ್ತಿಯ ಬೆನ್ನು ಹತ್ತಿ ಖರ್ಚುಮಾಡಿದ ಶಾಯಿ ಸ್ವಲ್ಪವಲ್ಲ. ಆದರೆ ಮೂಲ ಬಿಯರೋ ಸೂಟೋ ಎಂಬುದಕ್ಕಿಂತ ಆ ವಾಕ್ಯದ ಕ್ರಿಯಾಪದ ಗಮನಾರ್ಹ. ಹೋಗಿದ್ದಾನೆ, ಅಷ್ಟೆ. ಬರುವುದಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ. ನಮ್ಮ ವೀರಗಲ್ಲುಗಳು ಕಾದಿ ಸತ್ತನೆಂದು ನೇರವಾಗಿ ಹೇಳಿ, ಮೇಲಿನ ಪಟ್ಟಿಕೆಯಲ್ಲಿ ಅಪ್ಸರೆಯರ ಕೈಯಲ್ಲಿ ಅವನನ್ನು ದೇವಲೋಕಕ್ಕೆ ಕಳುಹಿಸುತ್ತವೆ. ಸಾವು ಮುಗಿದಿದೆ, ಊರು ಉಳಿದಿದೆ. ಆದ್ದರಿಂದ ಸತ್ತ ಎನ್ನುವ ಧೈರ್ಯ ಅಲ್ಲಿ ಸಾಧ್ಯ. ವೈಮಾನಿಕರ ಮಾತು ಕಲ್ಲಿನ ಮೇಲಿನದಲ್ಲ, ಖಾಲಿಯಾದ ಕುರ್ಚಿಯ ಪಕ್ಕದ್ದು. ಅದನ್ನು ಆಡಿದವನು ಅಂದೇ ರಾತ್ರಿ ಹಾರಬೇಕಾದವನು. 'ಸತ್ತ' ಎಂದು ನಿಘಂಟು ಕೊಡುವ ಅರ್ಥ ತಪ್ಪೆನ್ನಲಾಗದು. ಯಾವ ಪದವನ್ನು ನುಡಿಯಬಾರದೆಂದು ಆ ವಾಕ್ಯ ಹುಟ್ಟಿತೋ ಅದೇ ಪದವನ್ನು ಅದರ ಮುಂದೆ ಬರೆದಂತಾಯಿತು, ಅಷ್ಟೆ.

ಇಷ್ಟನ್ನು ಹೇಳಿ ಈ ನುಡಿಯನ್ನು ಮೆಚ್ಚಿಕೊಂಡು ನಿಲ್ಲುವಂತಿಲ್ಲ. 'ಪ್ರ್ಯಾಂಗ್' ಎಂಬ ಇನ್ನೊಂದು ಪದವಿದೆ. ವಿಮಾನವನ್ನು ನೆಲಕ್ಕಪ್ಪಳಿಸಿ ಹಾಳುಮಾಡಿಕೊಳ್ಳುವುದು ಪ್ರ್ಯಾಂಗ್. ಗುರಿಯ ಮೇಲೆ ಬಾಂಬು ಸುರಿಯುವುದೂ ಪ್ರ್ಯಾಂಗ್. ದಾಳಿ ಚೆನ್ನಾಗಿ ನಡೆದರೆ 'ವಿಜಾರ್ಡ್ ಪ್ರ್ಯಾಂಗ್'. 1943ರ ಜುಲೈ ಕೊನೆಯಲ್ಲಿ ಹ್ಯಾಂಬರ್ಗ್ ನಗರ ಉರಿದಾಗ ಸತ್ತವರು 35,000ಕ್ಕೂ ಹೆಚ್ಚು. ಅದಕ್ಕೂ ಮೊದಲು, 1942ರ ಮಾರ್ಚಿನಲ್ಲಿ, ಪ್ರಧಾನಿ ಚರ್ಚಿಲರಿಗೆ ಲಾರ್ಡ್ ಚೆರ್ವೆಲ್ ಬರೆದ ಟಿಪ್ಪಣಿಯ ನೀತಿಗೆ 'ಡಿಹೌಸಿಂಗ್', ಅಂದರೆ ಮನೆಯಿಲ್ಲದಂತೆ ಮಾಡುವುದು ಎಂಬ ಹೆಸರು ಬಿದ್ದಿತು. ಕಚೇರಿಯ ಪದ ಮನೆಗಳನ್ನಾದರೂ ನೆನೆಯಿತು. ಮೆಸ್ಸಿನ ಪದದಲ್ಲಿ ಅವೂ ಇಲ್ಲ. ತನ್ನ ಸಾವನ್ನು ಕಿರಿದುಮಾಡಲು ರೂಢಿಸಿಕೊಂಡ ಮಾತೇ ಪರರ ಸಾವನ್ನೂ ಕಿರಿದುಮಾಡಿತು. ಆಡಿದವರು ಕ್ರೂರಿಗಳಾಗಿರಬೇಕಾದ ಅಗತ್ಯವೇ ಇರಲಿಲ್ಲ. ನಿಘಂಟುಗಳು ಇವನ್ನು ಬೇರೆ ಬೇರೆ ಅರ್ಥಗಳಾಗಿ ಎಣಿಸುತ್ತವೆ. ಮಾತಾಡುವವನ ಬಾಯಲ್ಲಿ ಅವು ಬೇರೆಯಾಗಿರಲಿಲ್ಲ ಎಂಬುದೇ ಇಲ್ಲಿ ವಿಚಾರಾರ್ಹ.

ಆ ಕಾಲದ ಆತ್ಮಕಥೆಗಳನ್ನು ಕನ್ನಡಕ್ಕೆ ತರುವವರಿಗೆ ಈ ಸಂಗತಿ ಪ್ರಯೋಜನಕ್ಕೆ ಬರಬಹುದು. ಒಂದು ಕಡೆ 'ಅಪಘಾತ', ಇನ್ನೊಂದು ಕಡೆ 'ವೈಮಾನಿಕ ದಾಳಿ' ಎಂದು ಶಿಷ್ಟವಾಗಿ ಬಿಡಿಸಿ ಬರೆದರೆ ಓದುಗನಿಗೆ ಆ ಗೊಂದಲವೇ ಕಾಣದು. ಲಾರಿ ಮರಕ್ಕೆ ಗುದ್ದಿತು, ಅವನು ಇವನಿಗೆ ಗುದ್ದಿದ ಎಂದು ಎರಡಕ್ಕೂ ನಾವಾಡುವ 'ಗುದ್ದು' ಎಂಬ ಧಾತು ಈ ಕೆಲಸಕ್ಕೆ ಸಾಕಾದೀತೆಂದು ನನ್ನ ಎಣಿಕೆ.